ಮಿದುಳಿನ ಸಿಗ್ನಲ್ ರೆಕಾರ್ಡ್ ಮಾಡಲು ಎಂಥ ಕಂಪ್ಯೂಟರ್ ಬೇಕು?

ಬ್ರೇನ್ ಸಿಗ್ನಲ್ ಮೇಲೆ ಪ್ರಾಜೆಕ್ಟ್ ಮಾಡ್ತೀವಿ ಅಂತ ಯಾರಾದರೂ ಹೊರಟರೆ ಮೊದಲ ಚರ್ಚೆ ಶುರುವಾಗೋದು ಲ್ಯಾಪ್‌ಟಾಪ್ ಬಗ್ಗೆ. ಎಷ್ಟು ಕೋರ್ ಇರಬೇಕು, ಯಾವ ಗ್ರಾಫಿಕ್ಸ್ ಕಾರ್ಡ್, 32 ಜಿಬಿ ರ‍್ಯಾಮ್ ಸಾಕೋ 64 ಬೇಕೋ. ಗೇಮಿಂಗ್ ಲ್ಯಾಪ್‌ಟಾಪ್ ಇದ್ದವನಿಗೆ ಟೀಮಿನಲ್ಲಿ ಮೊದಲ ಸೀಟು. ಎಷ್ಟು ಚಾನೆಲ್, ಸೆಕೆಂಡಿಗೆ ಎಷ್ಟು ಸ್ಯಾಂಪಲ್, ಒಂದು ಸಲಕ್ಕೆ ಎಷ್ಟು ಹೊತ್ತು ರೆಕಾರ್ಡಿಂಗ್ ಅಂತ ಕೇಳುವವರು ಕಡಿಮೆ. ಈ ಮೂರು ಅಂಕಿ ಸಿಕ್ಕರೆ ಉಳಿದ ಅರ್ಧ ಪ್ರಶ್ನೆಗೆ ಕ್ಯಾಲ್ಕುಲೇಟರ್ ಉತ್ತರ ಕೊಡ್ತದೆ.

ಈ ಪಾಠದಲ್ಲಿ ನಾನು ಹೇಳಬೇಕೆಂದಿರೋದು ಇಷ್ಟು: ರೆಕಾರ್ಡಿಂಗ್ ಕಂಪ್ಯೂಟರ್ ಜೋರಾಗಿ ಓಡಬೇಕಾಗಿಲ್ಲ, ನಡುವೆ ನಿಲ್ಲಬಾರದು. ಇವು ಎರಡು ಬೇರೆ ಬೇರೆ ಗುಣ. ಅಂಗಡಿಯಲ್ಲಿ ಡಬ್ಬಿಯ ಮೇಲೆ ಬರೆದಿರೋದು ಮೊದಲನೆಯದು ಮಾತ್ರ.

ಮೊದಲು ಸಿಗ್ನಲ್ ನೋಡೋಣ

ತಲೆಯ ಚರ್ಮದ ಮೇಲೆ ಎಲೆಕ್ಟ್ರೋಡ್ ಇಟ್ಟು ತೆಗೆಯೋದು ಇಇಜಿ. ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯನ ಇಇಜಿಯನ್ನು ಮೊದಲ ಸಲ 1924ರಲ್ಲಿ ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಅದರ ಎತ್ತರ ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್. ನಮ್ಮ ಲ್ಯಾಬಿನ ಆರ್ಡುಯಿನೋ ಊನೋದಲ್ಲಿ 5 ವೋಲ್ಟನ್ನು 1,024 ಮೆಟ್ಟಿಲಾಗಿ ಕತ್ತರಿಸ್ತಾರೆ, ಅಂದರೆ ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್. ಇಡೀ ಇಇಜಿ ಆ ಒಂದು ಮೆಟ್ಟಿಲಿನ ಐವತ್ತನೇ ಒಂದು ಭಾಗದೊಳಗೆ ಮುಗಿದುಹೋಗ್ತದೆ. ಆಂಪ್ಲಿಫೈಯರ್ ಇಲ್ಲದೆ ಏನೂ ಕಾಣೋದಿಲ್ಲ.

ಕಾಗದದ ಕಾಲದಲ್ಲಿ ಇಇಜಿ ಯಂತ್ರದ ಕೆಳಗೆ ಕಾಗದ ಸೆಕೆಂಡಿಗೆ 30 ಮಿಲಿಮೀಟರ್ ವೇಗದಲ್ಲಿ ಸರಿಯುತ್ತಿತ್ತು. ಲೆಕ್ಕ ಹಾಕಿ, ಒಂದು ತಾಸಿಗೆ 108 ಮೀಟರ್ ಕಾಗದ. ನೋಡಿದರೆ ಅಯ್ಯೋ ಅನಿಸ್ತದೆ. ಆದರೆ ಆ ಯಂತ್ರಕ್ಕೆ ಒಂದು ದೊಡ್ಡ ಗುಣ ಇತ್ತು. ಪೆನ್ನಿನ ಇಂಕು ಮುಗಿದರೆ, ಕಾಗದ ಸಿಕ್ಕಿಕೊಂಡರೆ, ಎದುರಿಗೆ ನಿಂತವರಿಗೆ ಆಗಲೇ ಗೊತ್ತಾಗುತ್ತಿತ್ತು. ಕಂಪ್ಯೂಟರಿಗೆ ಈ ಗುಣ ಹುಟ್ಟಿನಿಂದ ಬಂದಿಲ್ಲ. ನಾವೇ ಕಲಿಸಬೇಕು.

ಇನ್ನು ಮಿದುಳಿನ ಒಳಗೇ ಸೂಜಿಯಂಥ ಎಲೆಕ್ಟ್ರೋಡ್ ಇಟ್ಟರೆ ಒಂದೊಂದೇ ನ್ಯೂರಾನ್ ಹೊಡೆಯುವ ಮಿಂಚು ಸಿಗ್ತದೆ. ಇದಕ್ಕೆ ಸ್ಪೈಕ್ ಅಂತಾರೆ. ಒಂದು ಸ್ಪೈಕಿನ ಆಯುಷ್ಯ ಸುಮಾರು ಒಂದು ಮಿಲಿಸೆಕೆಂಡ್. ಅದರ ಆಕಾರವೂ ಬೇಕು, ಯಾಕಂದರೆ ಒಂದೇ ಎಲೆಕ್ಟ್ರೋಡಿನ ಹತ್ತಿರ ಎರಡು ಮೂರು ನ್ಯೂರಾನ್ ಇರ್ತವೆ, ಯಾವುದು ಯಾರದ್ದು ಅಂತ ಆಕಾರದಿಂದಲೇ ಗುರುತು ಹಿಡಿಯಬೇಕು. ಅದಕ್ಕೇ ಸೆಕೆಂಡಿಗೆ 30,000 ಸ್ಯಾಂಪಲ್ ತೆಗೆಯೋ ರೂಢಿ. ಸಿಗ್ನಲ್ಸ್ ಆಂಡ್ ಸಿಸ್ಟಮ್ಸ್ ಪೇಪರಿನಲ್ಲಿ ನೈಕ್ವಿಸ್ಟ್ ಬಂದಾಗ ನಿದ್ದೆ ಮಾಡಿದವರು ಇಲ್ಲಿ ಎದ್ದು ಕೂರಬೇಕು.

ಲೆಕ್ಕ

ಸೂತ್ರ ಒಂದೇ. ಚಾನೆಲ್ ಸಂಖ್ಯೆ, ಸೆಕೆಂಡಿನ ಸ್ಯಾಂಪಲ್, ಒಂದು ಸ್ಯಾಂಪಲಿಗೆ ಎಷ್ಟು ಬೈಟ್, ಮೂರನ್ನೂ ಗುಣಿಸಿ.

64 ಚಾನೆಲ್ ಇಇಜಿ, ಸೆಕೆಂಡಿಗೆ 1,000 ಸ್ಯಾಂಪಲ್, ತಲಾ 2 ಬೈಟ್ ಅಂದುಕೊಳ್ಳಿ. ಸೆಕೆಂಡಿಗೆ 128 ಕಿಲೋಬೈಟ್. ಒಂದು ತಾಸಿಗೆ ಸುಮಾರು 461 ಮೆಗಾಬೈಟ್. ಅರ್ಧ ಸಿನಿಮಾ ಅಷ್ಟೇ.

ಈಗ ಯೂಟಾ ಅರೇ. ಅಂಗೈಗೆ ಇಟ್ಟರೆ ಕಾಳಿನಷ್ಟು ಕಾಣುವ ಚೌಕದಲ್ಲಿ ಹತ್ತು ಸಾಲು ಹತ್ತು ಕಂಬ ಸೂಜಿಗಳು, ಸೂಜಿಯಿಂದ ಸೂಜಿಗೆ 0.4 ಮಿಲಿಮೀಟರ್, ಸಾಮಾನ್ಯವಾಗಿ 96 ಸೂಜಿಯಿಂದ ರೆಕಾರ್ಡಿಂಗ್. ಬೆಂಗಳೂರಿನ ಐಐಎಸ್‌ಸಿಯ ಸೆಂಟರ್ ಫಾರ್ ನ್ಯೂರೋಸೈನ್ಸ್‌ನಲ್ಲಿ ಸುಪ್ರತಿಮ್ ರೇ ಅವರ ಲ್ಯಾಬಿನಲ್ಲಿ ಕೋತಿಗಳ ದೃಷ್ಟಿಯ ಭಾಗದಿಂದ ರೆಕಾರ್ಡ್ ಮಾಡೋದು ಇಂಥ ಅರೇಗಳಿಂದಲೇ. 96 ಗುಣಿಸು 30,000 ಗುಣಿಸು 2, ಸೆಕೆಂಡಿಗೆ 5.76 ಮೆಗಾಬೈಟ್. ತಾಸಿಗೆ 20.7 ಗಿಗಾಬೈಟ್.

ಮೂರನೆಯದು ನ್ಯೂರೋಪಿಕ್ಸೆಲ್ಸ್. 2017ರಲ್ಲಿ ಪ್ರಕಟವಾದ ಈ ಸಿಲಿಕಾನ್ ಕಡ್ಡಿಯಲ್ಲಿ 960 ಜಾಗಗಳಿವೆ, ಏಕಕಾಲಕ್ಕೆ 384 ಚಾನೆಲ್ ಓದಬಹುದು. ಸ್ಪೈಕಿಗೆ ಸೆಕೆಂಡಿಗೆ 30,000 ಸ್ಯಾಂಪಲ್, ನಿಧಾನದ ಅಲೆಗಳಿಗೆ ಬೇರೆಯಾಗಿ 2,500. ಎರಡೂ ಕೂಡಿ ಸೆಕೆಂಡಿಗೆ ಸುಮಾರು 25 ಮೆಗಾಬೈಟ್, ತಾಸಿಗೆ 90 ಗಿಗಾಬೈಟ್.

ಇಲ್ಲಿ ಒಂದು ನಿಮಿಷ ನಿಲ್ಲಿ. 25 ಮೆಗಾಬೈಟ್ ಅಂದರೆ ಏನು ಮಹಾ? ಹತ್ತು ವರ್ಷ ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಕೂಡ ಸೆಕೆಂಡಿಗೆ 100ಕ್ಕಿಂತ ಹೆಚ್ಚು ಬರೀತದೆ. ಈಗಿನ ಎನ್‌ವಿಎಂಇ ಎಸ್‌ಎಸ್‌ಡಿ ಮೇಲೆ 3,000 ಅಂತ ಬರೆದಿರ್ತಾರೆ. ಲೆಕ್ಕದ ಪ್ರಕಾರ ಎಲ್ಲ ಕಂಪ್ಯೂಟರೂ ಪಾಸ್. ಹಂಗಾದರೆ ಡೇಟಾ ಯಾಕೆ ಕಳೆದುಹೋಗ್ತದೆ?

ಬಂದ್ ಮಾಡಲು ಬಾರದ ನಳ

ಗದಗ-ಬೆಟಗೇರಿಯಲ್ಲಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ದಿನಗಟ್ಟಲೆ ಕಾದ ಮೇಲೆ ನಳಕ್ಕೆ ನೀರು ಬಂತು ಅಂದುಕೊಳ್ಳಿ. ಒಬ್ಬರು ನಳದ ಕೆಳಗೆ ಕೊಡ ಹಿಡೀತಾರೆ, ಇನ್ನೊಬ್ಬರು ತುಂಬಿದ ಕೊಡ ಒಯ್ದು ಒಳಗಿನ ಬ್ಯಾರಲ್‌ಗೆ ಸುರೀತಾರೆ. ಬ್ಯಾರಲ್ ಎಷ್ಟೇ ದೊಡ್ಡದಿರಲಿ, ಒಯ್ಯುವವರು ಎಷ್ಟೇ ಗಟ್ಟಿ ಇರಲಿ, ಬಾಗಿಲಲ್ಲಿ ಯಾರೋ ಸಿಕ್ಕರು ಅಂತ ಎರಡು ನಿಮಿಷ ಮಾತಿಗೆ ನಿಂತರೆ ಕೆಳಗಿನ ಕೊಡ ತುಂಬಿ ನೀರು ಗಟಾರಕ್ಕೆ. ಆಮೇಲೆ ಓಡಿ ಬಂದರೂ ಆ ನೀರು ವಾಪಸ್ ಬರೋದಿಲ್ಲ.

ಇಲ್ಲಿ ನಳ ಅಂದರೆ ಆಂಪ್ಲಿಫೈಯರ್ ಪೆಟ್ಟಿಗೆಯ ಎಡಿಸಿ. ಅದಕ್ಕೆ ಬಂದ್ ಮಾಡೋ ವ್ಯವಸ್ಥೆ ಇಲ್ಲ, ಮಿದುಳು ನಿಮಗಾಗಿ ಕಾಯೋದಿಲ್ಲ. ಕೊಡ ಅಂದರೆ ಬಫರ್. ಒಯ್ಯುವವರು ಅಂದರೆ ಆಪರೇಟಿಂಗ್ ಸಿಸ್ಟಮ್. ಬ್ಯಾರಲ್ ಅಂದರೆ ಡಿಸ್ಕ್. ಬಫರ್ 64 ಮೆಗಾಬೈಟ್ ಇದೆ, ಸಿಗ್ನಲ್ ಸೆಕೆಂಡಿಗೆ 25 ಮೆಗಾಬೈಟ್ ಬರ್ತಾ ಇದೆ ಅಂದರೆ ಕಂಪ್ಯೂಟರ್ ಎರಡೂವರೆ ಸೆಕೆಂಡ್ ಮಾತ್ರ ಮೈಮರೆಯಬಹುದು. ಮೂರನೇ ಸೆಕೆಂಡ್ ನಿಂತಿತೋ, ನೀರು ಗಟಾರಕ್ಕೆ.

ಹಾಗಾಗಿ ನಾವು ಕೇಳಬೇಕಾದ್ದು ಸರಾಸರಿ ವೇಗ ಅಲ್ಲ. ತಾಸುಗಟ್ಟಲೆ ಓಡುವಾಗ ಅತಿ ಕೆಟ್ಟ ಒಂದು ಕ್ಷಣದಲ್ಲಿ ಈ ಯಂತ್ರ ಎಷ್ಟು ಹೊತ್ತು ನಿಲ್ಲಬಹುದು? ಈ ಅಂಕಿ ಯಾವ ಬ್ರೋಷರ್‌ನಲ್ಲೂ ಇರೋದಿಲ್ಲ.

ಯಾರು ಬಾಗಿಲಲ್ಲಿ ನಿಲ್ಲಿಸ್ತಾರೆ ಅಂತ ನೋಡಿ. ಆಂಟಿವೈರಸ್, ಹೊಸ ಫೈಲ್ ಬೆಳೀತಾ ಇದೆ ಅಂತ ಕಂಡ ಕೂಡಲೇ ಬಂದು ಮೂಸಿ ನೋಡ್ತದೆ. ವಿಂಡೋಸ್ ಅಪ್‌ಡೇಟ್ ಬಗ್ಗೆ ಹೇಳೋದೇ ಬೇಡ, ನಡುವೆ ರೀಸ್ಟಾರ್ಟ್ ಆದರೆ ಆ ದಿನದ ಕೆಲಸ ಮುಗೀತು. ಡೆಸ್ಕ್‌ಟಾಪ್ ಫೋಲ್ಡರನ್ನು ಕ್ಲೌಡಿಗೆ ಏರಿಸುವ ಸಾಫ್ಟ್‌ವೇರ್, ಫೈಲ್ ಹುಡುಕಲು ಇಂಡೆಕ್ಸ್ ಮಾಡುವ ಸೇವೆ, ಹತ್ತು ನಿಮಿಷ ಮೌಸ್ ಅಲ್ಲಾಡದಿದ್ದರೆ ಮಲಗುವ ಸ್ಲೀಪ್ ಮೋಡ್, ಕರೆಂಟ್ ಉಳಿಸಲು ಯುಎಸ್‌ಬಿ ಪೋರ್ಟನ್ನೇ ಮಲಗಿಸುವ ಸೆಟ್ಟಿಂಗ್. ಇವೆಲ್ಲ ಮನೆಯ ಬಳಕೆಗೆ ಒಳ್ಳೆಯವೇ. ರೆಕಾರ್ಡಿಂಗ್ ಯಂತ್ರದಲ್ಲಿ ಎಲ್ಲವನ್ನೂ ಆಫ್ ಮಾಡಿ. ಆಂಟಿವೈರಸ್ ಆಫ್ ಮಾಡಿದ ಮೇಲೆ ಅದನ್ನು ಇಂಟರ್‌ನೆಟ್ಟಿಗೆ ಹಚ್ಚಬೇಡಿ, ಕಂಡವರ ಪೆನ್‌ಡ್ರೈವ್ ಚುಚ್ಚಬೇಡಿ. ಇದು ಬ್ರೌಸಿಂಗ್ ಮಾಡುವ ಕಂಪ್ಯೂಟರ್ ಅಲ್ಲ, ಆಸಿಲೋಸ್ಕೋಪ್ ಇದ್ದ ಹಾಗೆ ಒಂದು ಉಪಕರಣ ಅಂತ ತಿಳಿದು ನಡೆಸಬೇಕು.

ಡಿಸ್ಕಿನ ಒಳಗೂ ಇಂಥದೇ ಆಟ ಇದೆ. ಅಗ್ಗದ ಎಸ್‌ಎಸ್‌ಡಿಗಳಲ್ಲಿ ಒಂದು ಚಿಕ್ಕ ಭಾಗ ಮಾತ್ರ ವೇಗದ ಅಂಗಳ. ಮೊದಲ ಕೆಲವು ಹತ್ತು ಗಿಗಾಬೈಟ್ ಅಲ್ಲಿ ಸರಸರ ಇಳೀತವೆ. ಅಂಗಳ ತುಂಬಿತು ಅಂದರೆ ವೇಗ 3,000ದಿಂದ ನೂರರ ಆಸುಪಾಸಿಗೆ ಬಿದ್ದು, ಒಳಗೆ ಸಾಮಾನು ಜರುಗಿಸುವಾಗ ಆಗಾಗ ತಡೆದು ನಿಲ್ತದೆ. ಡ್ರೈವ್ ಮುಕ್ಕಾಲು ತುಂಬಿದ್ದರೆ ಅಂಗಳ ಇನ್ನೂ ಚಿಕ್ಕದು. ಐದು ನಿಮಿಷದ ಟೆಸ್ಟಿನಲ್ಲಿ ಇದು ಕಾಣೋದೇ ಇಲ್ಲ, ಎರಡನೇ ತಾಸಿನಲ್ಲಿ ಕಾಣ್ತದೆ.

ತಿರುಗುವ ಡಿಸ್ಕ್ ಕೊಳ್ಳುವಾಗ ಎಸ್‌ಎಂಆರ್ ಅನ್ನೋ ಮೂರು ಅಕ್ಷರ ಇದೆಯಾ ನೋಡಿ, ಇದ್ದರೆ ಬಿಟ್ಟುಬಿಡಿ. ಅದರಲ್ಲಿ ಟ್ರ್ಯಾಕುಗಳನ್ನು ಹಂಚಿನ ಮನೆಯ ಹಂಚಿನ ಹಾಗೆ ಒಂದರ ಅಂಚಿನ ಮೇಲೆ ಒಂದು ಹೊದಿಸಿರ್ತಾರೆ. (ನಮ್ಮ ಕಡೆ ಮಾಳಿಗೆ ಮನಿ ಜಾಸ್ತಿ, ಶಿರಸಿ ಕಡೆಯ ಗೆಳೆಯರನ್ನು ಕೇಳಿ.) ನಡುವಿನ ಒಂದು ಹಂಚು ಬದಲಿಸಬೇಕಂದರೆ ಮೇಲಿನವನ್ನೆಲ್ಲ ಎತ್ತಿ ಮತ್ತೆ ಹೊದಿಸಬೇಕು. ಆ ಹೊತ್ತಿನಲ್ಲಿ ಡಿಸ್ಕ್ ಸೆಕೆಂಡುಗಟ್ಟಲೆ ಮಾತಾಡೋದಿಲ್ಲ. ಬ್ಯಾಕಪ್ಪಿಗೆ ಅದು ನಡೀತದೆ, ನೇರ ರೆಕಾರ್ಡಿಂಗಿಗೆ ಬೇಡ.

ತಂತಿಯ ವಿಷಯ ಚುಟುಕಾಗಿ. ಯುಎಸ್‌ಬಿ 2.0 ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್, ಕೈಗೆ ಸಿಗೋದು 35–40 ಮೆಗಾಬೈಟ್. 384 ಚಾನೆಲಿಗೆ ಅದು ಅಂಚಿನ ಮೇಲಿನ ನಡಿಗೆ, ಯುಎಸ್‌ಬಿ 3 ಬೇಕು. ಹಬ್ಬಿನಲ್ಲಿ ಚುಚ್ಚದೆ ನೇರ ಮದರ್‌ಬೋರ್ಡಿನ ಪೋರ್ಟಿಗೆ ಹಚ್ಚಿ. ಕೆಲವು ಯಂತ್ರಗಳು ಈಥರ್ನೆಟ್ ಮೇಲೆ ಯುಡಿಪಿಯಲ್ಲಿ ಕಳಿಸ್ತವೆ. ಯುಡಿಪಿಯಲ್ಲಿ ಕಳೆದ ಪ್ಯಾಕೆಟ್ ಮತ್ತೆ ಕಳಿಸೋ ಪದ್ಧತಿ ಇಲ್ಲ, ಅದಕ್ಕೆ ಕ್ಯಾಂಪಸ್ ನೆಟ್‌ವರ್ಕ್ ನಡುವೆ ತರದೆ ಬೇರೆ ನೆಟ್‌ವರ್ಕ್ ಕಾರ್ಡ್ ಹಾಕಿ ನೇರ ಕೇಬಲ್ ಎಳೀಬೇಕು.

ಎಳೆ ಹರಿದರೆ ಏನಾಗ್ತದೆ

ಬೆಟಗೇರಿಯ ಮಗ್ಗದಲ್ಲಿ ಒಂದು ಎಳೆ ಹರಿದರೆ ನೇಕಾರರ ಕಣ್ಣಿಗೆ ಬೀಳ್ತದೆ, ನಿಲ್ಲಿಸಿ ಗಂಟು ಹಾಕ್ತಾರೆ. ರೆಕಾರ್ಡಿಂಗಿನಲ್ಲಿ ಹರಿದ ಎಳೆ ಕಾಣೋದಿಲ್ಲ. ಫೈಲಿನಲ್ಲಿ ಖಾಲಿ ಜಾಗ ಇರೋದಿಲ್ಲ, ಮುಂದಿನ ಸ್ಯಾಂಪಲ್ ಜರುಗಿ ಬಂದು ಹಿಂದಿನದಕ್ಕೆ ಅಂಟಿಕೊಂಡಿರ್ತದೆ. ಗ್ರಾಫ್ ಚೆಂದಾಗೇ ಕಾಣ್ತದೆ.

ಒಂದು ಉದಾಹರಣೆ. ಕೋತಿಗೆ ಪರದೆಯ ಮೇಲೆ ಚಿತ್ರ ತೋರಿಸಿದರೆ ಮಿದುಳಿನ ಹಿಂಭಾಗದ ವಿ1 ಅನ್ನೋ ಜಾಗದ ನ್ಯೂರಾನುಗಳು 40–50 ಮಿಲಿಸೆಕೆಂಡಿನಲ್ಲಿ ಪ್ರತಿಕ್ರಿಯೆ ಕೊಡ್ತವೆ. ಚಿತ್ರ ತೋರಿಸಿದ ಸಮಯ ಬೇರೆ ಗಡಿಯಾರದಲ್ಲಿ ದಾಖಲಾಗಿದೆ, ಸಿಗ್ನಲ್ ಫೈಲಿನಲ್ಲಿ ಅದಕ್ಕೂ ಮುಂಚೆ ಎಲ್ಲೋ 1,500 ಸ್ಯಾಂಪಲ್ ಕಳೆದಿದೆ ಅಂದುಕೊಳ್ಳಿ. 1,500 ಅಂದರೆ 50 ಮಿಲಿಸೆಕೆಂಡ್. ಈಗ ಫೈಲ್ ಏನು ಹೇಳ್ತದೆ? ಚಿತ್ರ ಬಂದ ಕ್ಷಣದಲ್ಲೇ ನ್ಯೂರಾನ್ ಉತ್ತರ ಕೊಟ್ಟಿತು. ಇನ್ನೊಂದಿಷ್ಟು ಕಳೆದರೆ ಚಿತ್ರ ಬರೋ ಮೊದಲೇ ಉತ್ತರ! ಇಷ್ಟು ವಿಚಿತ್ರ ಆದರೆ ಹೇಗೋ ಅನುಮಾನ ಬರ್ತದೆ. ಹತ್ತು ಮಿಲಿಸೆಕೆಂಡ್ ಕಳೆದರೆ ಅನುಮಾನವೂ ಬರೋದಿಲ್ಲ, ಅದೇ ಹೆಚ್ಚು ಅಪಾಯ. ಆ ಪ್ರಾಣಿಗೆ ಆಪರೇಷನ್ ಆಗಿದೆ, ತಿಂಗಳುಗಟ್ಟಲೆ ತರಬೇತಿ ಆಗಿದೆ. ಡಿಸ್ಕ್ ಎರಡು ಸೆಕೆಂಡ್ ಎಲ್ಲೋ ನೋಡ್ತಾ ನಿಂತಿದ್ದಕ್ಕೆ ಆ ದಿನದ ಕೆಲಸ ಬಿಸಾಡಬೇಕಾಗ್ತದೆ.

ಮನುಷ್ಯರ ಮಾತು ಬಂದರೆ ಇನ್ನೂ ತೂಕ. ಮೂರ್ಛೆರೋಗಕ್ಕೆ ಆಪರೇಷನ್ ಮಾಡಬೇಕೋ ಬೇಡವೋ ಅಂತ ತೀರ್ಮಾನಿಸುವ ಮೊದಲು, ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ಆಸ್ಪತ್ರೆಗಳಲ್ಲಿ ವಿಡಿಯೊ-ಇಇಜಿ ಮಾಡ್ತಾರೆ. ರೋಗಿಯನ್ನು ದಿನಗಟ್ಟಲೆ ಎಲೆಕ್ಟ್ರೋಡ್ ಸಮೇತ ಕ್ಯಾಮೆರಾ ಎದುರು ಇಡ್ತಾರೆ, ಹಲವು ಸಲ ಡಾಕ್ಟರೇ ಔಷಧಿ ಕಡಿಮೆ ಮಾಡಿ ಫಿಟ್ಸ್ ಬರಲಿ ಅಂತ ಕಾಯ್ತಾರೆ. ಫಿಟ್ಸ್ ಶುರುವಾಗುವ ಮೊದಲ ಕೆಲವು ಸೆಕೆಂಡಿನಲ್ಲಿ ಯಾವ ಎಲೆಕ್ಟ್ರೋಡ್ ಮೊದಲು ಅಲ್ಲಾಡಿತು ಅನ್ನೋದೇ ಹುಡುಕಾಟ. ಆ ಸೆಕೆಂಡುಗಳು ಫೈಲಿನಲ್ಲಿ ಇಲ್ಲ ಅಂದರೆ ಆ ಮನುಷ್ಯನಿಗೆ ಇನ್ನೊಂದು ಫಿಟ್ಸ್ ಬರಬೇಕು. ಊರು ಬಿಟ್ಟು, ಕೂಲಿ ಬಿಟ್ಟು ಜೊತೆಗೆ ಬಂದ ಮನೆಯವರು ಇನ್ನೂ ಒಂದು ದಿನ ಆಸ್ಪತ್ರೆಯಲ್ಲಿ ಕೂರಬೇಕು.

50 ಹರ್ಟ್ಝ್ ಅನ್ನೋ ಕರೆಯದ ಅತಿಥಿ

ಕಂಪ್ಯೂಟರ್ ಡೇಟಾ ಕಳೆಯೋದು ಒಂದು ತೊಂದರೆ. ಇಲ್ಲದ ಡೇಟಾ ಸೇರಿಸೋದು ಇನ್ನೊಂದು. ಇದಕ್ಕೆ ಕರ್ನಾಟಕದ್ದೇ ಒಳ್ಳೆಯ ಉದಾಹರಣೆ ಇದೆ.

ಮೇಲೆ ಹೇಳಿದ ಐಐಎಸ್‌ಸಿ ಲ್ಯಾಬಿನವರು 2018ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ಪರದೆ ತುಂಬುವ ದೊಡ್ಡ ಪಟ್ಟೆಗಳ ಚಿತ್ರ ತೋರಿಸಿದರೆ ದೃಷ್ಟಿಯ ಭಾಗದಲ್ಲಿ ಒಂದಲ್ಲ, ಎರಡು ಗಾಮಾ ಅಲೆ ಏಳ್ತವೆ: ನಿಧಾನದ್ದು ಸುಮಾರು 20ರಿಂದ 40 ಹರ್ಟ್ಝ್, ವೇಗದ್ದು ಸುಮಾರು 40ರಿಂದ 70. ಕೋತಿಯ ಮಿದುಳಿನ ಒಳಗೂ ಕಂಡಿತು, ಮನುಷ್ಯರ ಇಇಜಿಯಲ್ಲೂ ಕಂಡಿತು. ಆಮೇಲೆ ಬೆಂಗಳೂರಿನ ಇನ್ನೂರಕ್ಕೂ ಹೆಚ್ಚು ಹಿರಿಯರ ಇಇಜಿ ತೆಗೆದು, ವಯಸ್ಸಾದಂತೆ ಈ ಗಾಮಾ ಕುಗ್ಗುತ್ತದೆ ಅಂತ 2020ರಲ್ಲಿ ತೋರಿಸಿದರು. 2021ರಲ್ಲಿ, ನೆನಪಿನ ಶಕ್ತಿ ಕುಂದುತ್ತಿರುವವರು ಮತ್ತು ಅಲ್ಝೈಮರ್ಸ್ ಇರುವವರಲ್ಲಿ ಅದೇ ವಯಸ್ಸಿನ ಆರೋಗ್ಯವಂತರಿಗಿಂತಲೂ ಇದು ದುರ್ಬಲ ಅಂತ ಪ್ರಕಟಿಸಿದರು. ಮರೆವಿನ ರೋಗವನ್ನು ಬೇಗ ಗುರುತಿಸಲು ಅಗ್ಗದ ಇಇಜಿ ಉಪಯೋಗ ಆಗಬಹುದಾ ಅನ್ನೋ ಪ್ರಶ್ನೆ ಇದರ ಹಿಂದೆ ಇದೆ.

ಈಗ ನಮ್ಮ ದೇಶದ ಕರೆಂಟಿನ ಫ್ರೀಕ್ವೆನ್ಸಿ ನೆನಪಿಸಿಕೊಳ್ಳಿ. 50 ಹರ್ಟ್ಝ್. ಸರಿಯಾಗಿ ವೇಗದ ಗಾಮಾದ ಹೊಟ್ಟೆಯೊಳಗೆ! ಕುಗ್ಗಿದ ಗಾಮಾ ಅಳೆಯಲು ಕೂತಿರೋ ಜಾಗದಲ್ಲೇ ಟ್ಯೂಬ್‌ಲೈಟ್, ಚಾರ್ಜರ್, ಕಂಪ್ಯೂಟರಿನ ಪವರ್ ಸಪ್ಲೈ ಎಲ್ಲ ಸೇರಿ ಭಜನೆ ಮಾಡ್ತಾ ಇರ್ತವೆ. ನಾಚ್ ಫಿಲ್ಟರ್ ಹಾಕಿ 50 ತೆಗೆಯಬಹುದು, ಆದರೆ ಅದರ ಜೊತೆ ಅಲ್ಲಿದ್ದ ಮಿದುಳಿನ ಸಿಗ್ನಲ್ಲೂ ಹೋಗ್ತದೆ. ಗದ್ದಲ ಬಾರದಂತೆ ನೋಡಿಕೊಳ್ಳೋದೇ ಒಳ್ಳೆಯದು.

ಹೀಗಾಗಿ ಕಂಪ್ಯೂಟರ್ ಆರಿಸುವಾಗ ಕರೆಂಟ್ ಕೂಡ ಆರಿಸಬೇಕು. ಗದಗಿನಲ್ಲಿ ಕರೆಂಟ್ ಹೋಗ್ತದೆ, ಕಪ್ಪತಗುಡ್ಡದ ಮೇಲೆ ಅಷ್ಟು ಫ್ಯಾನ್ ತಿರುಗಿದರೂ ಹೋಗ್ತದೆ. ಯುಪಿಎಸ್ ಬೇಕೇ ಬೇಕು. ಆದರೆ ಎಂಥದ್ದು? ಮನೆಯ ಅಗ್ಗದ ಇನ್ವರ್ಟರ್ ಸ್ಕ್ವೇರ್ ವೇವ್ ಕೊಡ್ತದೆ. ಫೂರಿಯೇ ಸೀರೀಸ್ ಬಿಡಿಸಿ ನೋಡಿ, ಸ್ಕ್ವೇರ್ ವೇವಿನಲ್ಲಿ 50ರ ಜೊತೆ 150, 250, 350 ಎಲ್ಲ ಇರ್ತವೆ. ಎಂ3ರಲ್ಲಿ ಮಾರ್ಕ್ಸಿಗಾಗಿ ಬಿಡಿಸಿದ್ದು ಇಲ್ಲಿ ಸ್ಕ್ರೀನ್ ಮೇಲೆ ಎದ್ದು ಕಾಣ್ತದೆ. ಶುದ್ಧ ಸೈನ್ ವೇವ್ ಯುಪಿಎಸ್ ತಗೊಳ್ಳಿ. ಬಜೆಟ್ ಇದ್ದರೆ ಆನ್‌ಲೈನ್ ಮಾದರಿ, ಅದರಲ್ಲಿ ಕರೆಂಟ್ ಹೋದಾಗ ಬದಲಾಯಿಸುವ ಆ ಕೆಲವು ಮಿಲಿಸೆಕೆಂಡಿನ ತೆರವೂ ಇಲ್ಲ. ಆಂಪ್ಲಿಫೈಯರ್ ಬ್ಯಾಟರಿಯ ಮೇಲೆ ಓಡಿದರೆ ಇನ್ನೂ ಶಾಂತ.

ಅರ್ಥಿಂಗ್ ಕಡೆಗೂ ಗಮನ ಇರಲಿ. ನಮ್ಮದು ಎರೆ ಭೂಮಿ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡ್ತದೆ. ಮಣ್ಣು ಒಣಗಿದರೆ ಅರ್ಥಿಂಗ್ ರೆಸಿಸ್ಟೆನ್ಸ್ ಏರ್ತದೆ. ಇದ್ದಿಲು, ಉಪ್ಪು ಹಾಕಿದ ಗುಂಡಿಗೆ ಏಪ್ರಿಲ್‌ನಲ್ಲಿ ನೀರು ಹಾಕಿಸೋದು ಎಲೆಕ್ಟ್ರಿಕಲ್ ಡಿಪಾರ್ಟ್‌ಮೆಂಟಿನವರಿಗೆ ಹೊಸದಲ್ಲ. ಕಂಪ್ಯೂಟರ್ ಒಂದು ಪ್ಲಗ್, ಆಂಪ್ಲಿಫೈಯರ್ ಇನ್ನೊಂದು ಗೋಡೆಯ ಪ್ಲಗ್ ಅಂತ ಮಾಡಬೇಡಿ. ಎರಡು ದಾರಿಯ ಅರ್ಥ್ ಸೇರಿ ಒಂದು ಲೂಪ್ ಆಗ್ತದೆ, ಆ ಲೂಪೇ ಆಂಟೆನಾ.

ಮತ್ತೆ ಇದು ಗದ್ದಲದ ಮಾತಷ್ಟೇ ಅಲ್ಲ, ಜೀವದ ಮಾತು. ತಲೆಗೆ, ಎದೆಗೆ ಎಲೆಕ್ಟ್ರೋಡ್ ಹಚ್ಚಿಕೊಂಡ ಮನುಷ್ಯ ಒಂದು ತಂತಿಯ ಮೂಲಕ ಕಂಪ್ಯೂಟರಿಗೆ ಸೇರಿದ್ದಾನೆ, ಕಂಪ್ಯೂಟರ್ ಚಾರ್ಜರ್ ಮೂಲಕ 230 ವೋಲ್ಟಿಗೆ ಸೇರಿದೆ. ಆಸ್ಪತ್ರೆಯ ಉಪಕರಣಗಳಲ್ಲಿ ನಡುವೆ ಐಸೊಲೇಶನ್ ಇರ್ತದೆ, ಅದಕ್ಕೆಂದೇ ಐಇಸಿ 60601 ಅನ್ನೋ ಸ್ಟ್ಯಾಂಡರ್ಡ್ ಇದೆ. ನಮ್ಮ ಬ್ರೆಡ್‌ಬೋರ್ಡಿನಲ್ಲಿ ಅದು ಇಲ್ಲ. ಹಾಗಾಗಿ ಗೆಳೆಯನ ತಲೆಗೆ ಎಲೆಕ್ಟ್ರೋಡ್ ಇದ್ದಷ್ಟು ಹೊತ್ತು ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೇ ಇರಲಿ. ಚಾರ್ಜರ್ ಅಷ್ಟೇ ಅಲ್ಲ, ಪ್ರೊಜೆಕ್ಟರ್ ಕೇಬಲ್, ಪ್ರಿಂಟರ್, ಲ್ಯಾನ್ ಕೇಬಲ್ ಕೂಡ ಬೇಡ. ಸೆಮಿನಾರ್ ಹಾಲಿನಲ್ಲಿ ಡೆಮೊ ಕೊಡುವಾಗ ಇದು ಮರೆಯೋದು ಸುಲಭ. ಡೆಸ್ಕ್‌ಟಾಪೇ ಬಳಸಬೇಕಂದರೆ ನಡುವೆ ಯುಎಸ್‌ಬಿ ಐಸೊಲೇಟರ್ ಹಾಕಿ.

ಕ್ಯಾಮೆರಾ, ಪ್ರೊಸೆಸರ್, ಗ್ರಾಫಿಕ್ಸ್

ಎಲೆಕ್ಟ್ರೋಡಿಗಿಂತ ಹೆಚ್ಚು ಡೇಟಾ ಎಲ್ಲಿಂದ ಬರ್ತದೆ ಗೊತ್ತಾ? ಇಲಿ ಏನು ಮಾಡ್ತಾ ಇದೆ ಅಂತ ನೋಡಲು ಇಟ್ಟ ಕ್ಯಾಮೆರಾದಿಂದ. 640 ಗುಣಿಸು 480 ಪಿಕ್ಸೆಲ್‌ನ ಸಾದಾ ಕಪ್ಪುಬಿಳುಪು ಕ್ಯಾಮೆರಾ ಸೆಕೆಂಡಿಗೆ 100 ಫ್ರೇಮ್ ತೆಗೆದರೆ, ಕಂಪ್ರೆಸ್ ಮಾಡದಿದ್ದರೆ, 30.7 ಮೆಗಾಬೈಟ್. 384 ಚಾನೆಲ್ ನ್ಯೂರೋಪಿಕ್ಸೆಲ್ಸ್ ಪ್ರೋಬನ್ನು ಒಂದು ಹಳೇ ಮಾದರಿ ಕ್ಯಾಮೆರಾ ಸೋಲಿಸಿತು ನೋಡ್ರಿ! ಅದನ್ನು ಅದೇ ಡಿಸ್ಕಿಗೆ ಬರೆಯಬೇಡಿ, ಸಾಧ್ಯವಾದರೆ ಅದೇ ಕಂಪ್ಯೂಟರಿಗೂ ಹಚ್ಚಬೇಡಿ. ಚಿತ್ರ ತೋರಿಸುವ ಕಂಪ್ಯೂಟರೂ ಬೇರೆ ಇರಲಿ. ಎಲ್ಲವನ್ನೂ ಒಂದೇ ಗಡಿಯಾರಕ್ಕೆ ತರಲು ಪ್ರತಿಯೊಂದರಿಂದ ಒಂದು ಟಿಟಿಎಲ್ ಪಲ್ಸ್ ಆಂಪ್ಲಿಫೈಯರ್ ಪೆಟ್ಟಿಗೆಗೆ ಕಳಿಸ್ತಾರೆ. ಇದು ಯಾಕೆ ಬೇಕಂದರೆ, ಎರಡು ಕ್ರಿಸ್ಟಲ್‌ಗಳ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೂ ಮೂರು ತಾಸಿನಲ್ಲಿ ಅರ್ಧ ಸೆಕೆಂಡ್ ಜರುಗಿರ್ತದೆ.

ಪ್ರೊಸೆಸರ್ ಮಧ್ಯಮ ದರ್ಜೆಯದು ಸಾಕು. ರ‍್ಯಾಮ್ 16 ಜಿಬಿ ನಡೀತದೆ, ನೂರಾರು ಚಾನೆಲನ್ನು ಸ್ಕ್ರೀನ್ ಮೇಲೆ ನೋಡ್ತಾ ಕೂರಬೇಕಂದರೆ 32. ಓಪನ್ ಇಫಿಸ್ ಅನ್ನೋ ಉಚಿತ ಸಾಫ್ಟ್‌ವೇರ್ ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡ್ತದೆ, ಕೈಯಲ್ಲಿ ಯಾವ ಯಂತ್ರವೂ ಇಲ್ಲದವರು ಕೂಡ ಹಳೆಯ ರೆಕಾರ್ಡಿಂಗ್ ಫೈಲ್ ಹಾಕಿ ಅಭ್ಯಾಸ ಮಾಡಬಹುದು. ಇನ್ನು ಎಲ್ಲರ ಪ್ರೀತಿಯ ಗ್ರಾಫಿಕ್ಸ್ ಕಾರ್ಡ್. ಅದು ಬೇಕು, ಆದರೆ ಆಮೇಲೆ. ರೆಕಾರ್ಡಾದ ಸ್ಪೈಕುಗಳನ್ನು ಇದು ಈ ನ್ಯೂರಾನಿನದು, ಅದು ಆ ನ್ಯೂರಾನಿನದು ಅಂತ ವಿಂಗಡಿಸುವ ಕಿಲೋಸಾರ್ಟ್‌ನಂಥ ಸಾಫ್ಟ್‌ವೇರಿಗೆ ಎನ್‌ವಿಡಿಯಾ ಕಾರ್ಡ್ ಬೇಕು. ಅದನ್ನು ಬೇರೆ ಕಂಪ್ಯೂಟರಿನಲ್ಲಿ, ರಾತ್ರಿ ಓಡಿಸಿ. ಎರಡೂ ಕೆಲಸಕ್ಕೆ ಒಂದೇ ದುಬಾರಿ ಯಂತ್ರ ಕೊಂಡರೆ, ಒಬ್ಬರು ವಿಂಗಡಣೆ ಓಡಿಸಿ ಚಹಾ ಕುಡಿಯಲು ಹೋದಾಗ ಇನ್ನೊಬ್ಬರ ರೆಕಾರ್ಡಿಂಗ್ ತಡವರಿಸ್ತದೆ.

ಲ್ಯಾಪ್‌ಟಾಪೋ ಡೆಸ್ಕ್‌ಟಾಪೋ ಅಂದರೆ, ಹೆಚ್ಚು ಚಾನೆಲಿನ ದೀರ್ಘ ಕೆಲಸಕ್ಕೆ ಡೆಸ್ಕ್‌ಟಾಪ್. ನಮ್ಮ ಏಪ್ರಿಲ್ ಬಿಸಿಲಿಗೆ ತೆಳ್ಳನೆ ಲ್ಯಾಪ್‌ಟಾಪ್ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ತದೆ, ಧೂಳು ಬೇರೆ. ಮೇಲೆ ಹೇಳಿದ ಬ್ಯಾಟರಿಯ ಕಾರಣಕ್ಕೆ, ಕಡಿಮೆ ಚಾನೆಲಿನ ವಿದ್ಯಾರ್ಥಿ ಪ್ರಾಜೆಕ್ಟಿಗೆ ಲ್ಯಾಪ್‌ಟಾಪ್.

ಸಂಜೆಯ ಲೆಕ್ಕ

ತಾಸಿಗೆ 90 ಗಿಗಾಬೈಟ್, ದಿನಕ್ಕೆ ಮೂರು ತಾಸು ಅಂದರೆ 270. ವಾರಕ್ಕೆ ಐದು ದಿನ, 1.35 ಟೆರಾಬೈಟ್. ಎರಡು ಕಡೆ ಇಡಬೇಕು, ಒಂದು ಪ್ರತಿ ಇನ್ನೊಂದು ಕಟ್ಟಡದಲ್ಲಿ. ಅಂದರೆ ವಾರಕ್ಕೆ 2.7. ಕಂಪ್ಯೂಟರಿನ ಬೆಲೆಗಿಂತ ಬ್ಯಾಕಪ್ ಡಿಸ್ಕುಗಳ ಬೆಲೆ ವರ್ಷದೊಳಗೆ ಮೇಲೆ ಹೋಗ್ತದೆ. ಪ್ರಪೋಸಲ್ ಬರೆಯುವವರು ಈ ಸಾಲನ್ನೇ ಬಿಟ್ಟಿರ್ತಾರೆ.

ಒಯ್ಯೋದಕ್ಕೂ ಹೊತ್ತು ಬೇಕು. ಗಿಗಾಬಿಟ್ ಲ್ಯಾನ್ ಇದ್ದರೆ ಸೆಕೆಂಡಿಗೆ ಸುಮಾರು 110 ಮೆಗಾಬೈಟ್, ಆ ದಿನದ 270 ಗಿಗಾಬೈಟ್ ನಲವತ್ತು ನಿಮಿಷದಲ್ಲಿ ಹೋಗ್ತದೆ. ನಡುವೆ ಎಲ್ಲೋ ಒಂದು ಹಳೆಯ 100 ಮೆಗಾಬಿಟ್ ಸ್ವಿಚ್ ಕೂತಿದ್ದರೆ ಸುಮಾರು ಏಳು ತಾಸು. ಹಾಸ್ಟೆಲ್ ವೈಫೈ ಬಗ್ಗೆ ನಾನು ಏನೂ ಹೇಳೋದಿಲ್ಲ.

ಇಷ್ಟು ಬರೆದರೆ ಎಸ್‌ಎಸ್‌ಡಿ ಸವೆದುಹೋಗ್ತದಲ್ಲ ಅಂತ ಕೇಳ್ತಾರೆ. 1 ಟೆರಾಬೈಟಿನ ಒಳ್ಳೆಯ ಎಸ್‌ಎಸ್‌ಡಿಗೆ 600 ಟೆರಾಬೈಟ್ ಬರೆಯೋವರೆಗೂ ಗ್ಯಾರಂಟಿ ಕೊಡೋದು ಸಾಮಾನ್ಯ. ವರ್ಷಕ್ಕೆ 250 ದಿನ 270 ಗಿಗಾಬೈಟ್ ಬರೆದರೂ 67.5 ಟೆರಾಬೈಟ್. ಸುಮಾರು ಒಂಬತ್ತು ವರ್ಷ. ಅಷ್ಟರಲ್ಲಿ ಪಿಎಚ್‌ಡಿ ಮುಗಿದಿರಬೇಕು.

ಕೊಂಡ ಮೇಲೆ ಮೊದಲ ದಿನವೇ ಪ್ರಯೋಗಕ್ಕೆ ಇಳಿಸಬಾರದು. ಯಾವ ಪ್ರಾಣಿ, ಯಾವ ಮನುಷ್ಯ ಇಲ್ಲದೆ, ಬರೀ ಪೆಟ್ಟಿಗೆ ಹಚ್ಚಿ, ಬೇಕಾದ್ದಕ್ಕಿಂತ ಎರಡು ಪಟ್ಟು ಚಾನೆಲ್ ಆನ್ ಮಾಡಿ ಮೂರು ತಾಸು ರೆಕಾರ್ಡ್ ಮಾಡಿ. ಮಧ್ಯಾಹ್ನದ ಬಿಸಿಲಲ್ಲೇ ಮಾಡಿ. ನಡುವೆ ಒಮ್ಮೆ ಮೇನ್ಸ್ ಸ್ವಿಚ್ ಆಫ್ ಮಾಡಿ ಯುಪಿಎಸ್ ಏನು ಮಾಡ್ತದೆ ನೋಡಿ. ಮುಗಿದ ಮೇಲೆ ಪೆಟ್ಟಿಗೆ ಪ್ರತಿ ಸ್ಯಾಂಪಲಿಗೆ ಕೊಟ್ಟ ಕ್ರಮಸಂಖ್ಯೆ ತೆಗೆದು ಪೈಥಾನ್‌ನಲ್ಲಿ ಒಂದರಿಂದ ಒಂದು ಕಳೆಯಿರಿ. ಎಲ್ಲ ವ್ಯತ್ಯಾಸವೂ 1 ಇರಬೇಕು. ಒಂದೇ ಒಂದು ಕಡೆ 2 ಬಂದರೂ ಒಂದು ಸ್ಯಾಂಪಲ್ ಗಟಾರಕ್ಕೆ ಹೋಗಿದೆ ಅಂತ ಅರ್ಥ. ಮೂರು ತಾಸಿಗೆ ಒಂದು ಚಾನೆಲಿನಲ್ಲಿ 32 ಕೋಟಿ 40 ಲಕ್ಷ ಸ್ಯಾಂಪಲ್ ಬರ್ತವೆ, ಆದರೆ ಗೋಡೆಯ ಗಡಿಯಾರ ನೋಡಿ ಎಣಿಸಿದರೆ ಕ್ರಿಸ್ಟಲ್ ವ್ಯತ್ಯಾಸದಿಂದ ಸ್ವಲ್ಪ ಹೆಚ್ಚುಕಮ್ಮಿ ಬರ್ತದೆ, ಅದಕ್ಕೆ ಗಾಬರಿ ಬೇಡ. ಕ್ರಮಸಂಖ್ಯೆಯೇ ಸಾಕ್ಷಿ. ಈ ಹತ್ತು ಸಾಲಿನ ಪ್ರೋಗ್ರಾಂ ಪ್ರತಿ ದಿನದ ಫೈಲಿನ ಮೇಲೂ ಓಡಲಿ.

ನಮ್ಮ ಕ್ಯಾಂಪಸ್ಸಿನ ಮಟ್ಟಿಗೆ

ಇಲ್ಲಿ ಯಾರೂ ನಾಳೆ ನ್ಯೂರೋಪಿಕ್ಸೆಲ್ಸ್ ಹಚ್ಚೋದಿಲ್ಲ. ನಮಗೆ ಸಿಗೋದು ಓಪನ್‌ಬಿಸಿಐ ಸೈಟನ್ ಥರದ 8 ಚಾನೆಲ್ ಬೋರ್ಡ್, ಇಲ್ಲವೇ ಅಪ್‌ಸೈಡ್ ಡೌನ್ ಲ್ಯಾಬ್ಸ್ ಅನ್ನೋ ನಮ್ಮ ದೇಶದ ಕಂಪನಿಯ ಬಯೋಆಂಪ್ ಇಎಕ್ಸ್‌ಜಿ ಪಿಲ್ ಮತ್ತು ಒಂದು ಆರ್ಡುಯಿನೋ. ಸೈಟನ್‌ನಲ್ಲಿ 8 ಚಾನೆಲ್, ಸೆಕೆಂಡಿಗೆ 250 ಸ್ಯಾಂಪಲ್, ತಲಾ 3 ಬೈಟ್. ಸೆಕೆಂಡಿಗೆ 6,000 ಬೈಟ್. ಆರ್ಡುಯಿನೋದ ಸೀರಿಯಲ್ ಪೋರ್ಟ್ 115200 ಬಾಡ್‌ನಲ್ಲಿ ಸೆಕೆಂಡಿಗೆ 11,520 ಬೈಟ್ ಒಯ್ತದೆ. ಎರಡಕ್ಕೂ ಲೈಬ್ರರಿಯ ಮೂಲೆಯಲ್ಲಿ ಬಿದ್ದಿರೋ ಹಳೆಯ ಲ್ಯಾಪ್‌ಟಾಪ್ ಧಾರಾಳ. ಅದಕ್ಕೆ ಲಿನಕ್ಸ್ ಹಾಕಿ, ಒಂದು ಚಿಕ್ಕ ಎಸ್‌ಎಸ್‌ಡಿ ಹಾಕಿ, ಬ್ಯಾಟರಿ ಹೊಸದು ಹಾಕಿಸಿ. ಎರಡು ತಾಸು ಚಾರ್ಜರ್ ಇಲ್ಲದೆ ನಿಲ್ಲೋ ಬ್ಯಾಟರಿ ಇಲ್ಲಿ ಗ್ರಾಫಿಕ್ಸ್ ಕಾರ್ಡಿಗಿಂತ ದೊಡ್ಡದು.

ಹೊಸ ಲ್ಯಾಪ್‌ಟಾಪಿಗೆ ಅಂತ ಎತ್ತಿಟ್ಟ ದುಡ್ಡು ಉಳೀತದೆ. ಅದರಲ್ಲಿ ಒಳ್ಳೆಯ ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್, ಜೆಲ್, ಒಂದು ಯುಎಸ್‌ಬಿ ಐಸೊಲೇಟರ್, ಎರಡು ಎಕ್ಸ್‌ಟರ್ನಲ್ ಡಿಸ್ಕ್ ತರಬಹುದು. ಮೊದಲ ಪ್ರಯೋಗಕ್ಕೆ ಕಣ್ಣು ಮುಚ್ಚಿ ಕೂರಿಸಿ ತಲೆಯ ಹಿಂಭಾಗದಿಂದ ಆಲ್ಫಾ ಅಲೆ ನೋಡಿ, 8ರಿಂದ 13 ಹರ್ಟ್ಝ್. ಕಣ್ಣು ತೆರೆದ ಕೂಡಲೇ ಅದು ಇಳಿಯಬೇಕು. ಫ್ಯಾನ್, ಟ್ಯೂಬ್‌ಲೈಟ್ ಆಫ್ ಮಾಡಿ ಒಮ್ಮೆ, ಆನ್ ಮಾಡಿ ಒಮ್ಮೆ ತೆಗೆದು ಎರಡರ ಸ್ಪೆಕ್ಟ್ರಮ್ ಪಕ್ಕಪಕ್ಕ ಇಡಿ. 50ರ ಹತ್ತಿರ ಎಷ್ಟು ಎತ್ತರದ ಕಂಬ ಇದೆ ಅಂತ ಬರೆದಿಟ್ಟುಕೊಂಡು, ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಅಳತೆ ಮಾಡಿದರೆ ಅದೇ ಒಂದು ಮಿನಿ ಪ್ರಾಜೆಕ್ಟ್ ಆಗ್ತದೆ.